ಗಾಳಿ ಬಂದಾಗ ತೂರಿಕೋ: ಡಚ್ ಹಾಯಿದೋಣಿಗಳ ಒಂದು ಚರಿತ್ರೆ

ನೈಮೆಗನ್ನಿನಲ್ಲಿ ಸಮುದ್ರವಿಲ್ಲ. ನಮಗಿರುವುದು ವಾಲ್ ನದಿ, ರೈನ್ ನದಿಯ ದೊಡ್ಡ ಕವಲು. ಸಂಜೆ ದಂಡೆಯ ಮೇಲೆ ಹೋಗಿ ನಿಂತರೆ ರಾಟರ್‌ಡ್ಯಾಮಿನಿಂದ ಜರ್ಮನಿಗೆ ಸಾಮಾನು ಹೊತ್ತ ಉದ್ದುದ್ದ ಹಡಗುಗಳು ಒಂದರ ಹಿಂದೆ ಒಂದು ಸಾಗುವುದು ಕಾಣುತ್ತದೆ. ಆದರೆ ಗಾಳಿಗೆ ಮಾತ್ರ ಬರವಿಲ್ಲ. ಛತ್ರಿ ಬಿಚ್ಚಿದರೆ ಮಡಿಸಲಾಗದು, ಮಡಿಸಿದರೆ ಮಳೆ ನಿಲ್ಲದು! ಹೊಸದಾಗಿ ಊರಿನಿಂದ ಬಂದ ಬಳಗದ ಬಂಧುಗಳು ಮೊದಲ ತಿಂಗಳು ಬೈಯುವುದೇ ಈ ಗಾಳಿಯನ್ನು.

ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ಸಂಪಾದಕರು ನಮ್ಮನ್ನು ಹಿಡಿದು ನಿಲ್ಲಿಸಿ, “ಡಾಕ್ಟ್ರೇ, ಈ ಸಲ ಬೀಪಿ, ಸಕ್ಕರೆ ಕಾಯಿಲೆ ಬೇಡ. ನಾವಿರುವ ಈ ದೇಶದ ಚರಿತ್ರೆ ಏನಾದರೂ ಬರೆಯಿರಿ, ಮಕ್ಕಳಿಗೆ ಓದಿ ಹೇಳುವ ಹಾಗಿರಲಿ” ಎಂದರು. ಒಪ್ಪಿಕೊಂಡೆವು. ಬರೆಯಲು ಕೂತಾಗ ನೆನಪಿಗೆ ಬಂದದ್ದು ಈ ಗಾಳಿ, ಈ ಗಾಳಿಯನ್ನೇ ನಂಬಿ ಭೂಮಿಯನ್ನು ಸುತ್ತಿದ ಡಚ್ಚರ ಹಾಯಿದೋಣಿಗಳು. ನಡುವೆ ಹೃದಯದ ಮಾತೂ ಸ್ವಲ್ಪ ನುಸುಳಿದೆ, ಸಂಪಾದಕರು ಕ್ಷಮಿಸಬೇಕು.

ಮೊದಲು ನಮ್ಮ ಕಡೆಯ ಒಂದು ಮಾತು. ಅರಸೀಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ ರಾಗಿ ಒಕ್ಕಣೆಯ ಕಾಲದಲ್ಲಿ ನಮ್ಮಜ್ಜ ಕಣದಲ್ಲೇ ಮಲಗುತ್ತಿದ್ದರು. ರೋಣಗಲ್ಲು ಹೊಡೆದು ಮುಗಿದ ಮೇಲೆ ಕಾಯುವುದು ಗಾಳಿಗಾಗಿ. ಗಾಳಿ ಎದ್ದಿತೆಂದರೆ ನಡುರಾತ್ರಿಯಾದರೂ ಸರಿ, ಎಲ್ಲರನ್ನೂ ಎಬ್ಬಿಸಿ ಮೊರ ಹಿಡಿಸುತ್ತಿದ್ದರು. ಗಾಳಿ ದಿಕ್ಕು ಬದಲಿಸಿದರೆ ತೂರುವವರೂ ರಾಶಿಯ ಇನ್ನೊಂದು ಪಕ್ಕಕ್ಕೆ ಸರಿಯಬೇಕು. ಇಲ್ಲವಾದರೆ ಹೊಟ್ಟೆಲ್ಲ ಮತ್ತೆ ಕಾಳಿನ ಮೇಲೇ ಬೀಳುತ್ತದೆ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ಇಂದು ಅವಕಾಶವಾದಿಗಳಿಗೆ ಹೇಳುತ್ತೇವೆ. ಕಣದಲ್ಲಿ ಅದರ ಅರ್ಥ ಬೇರೆ: ಕಾದಿರು, ಎಚ್ಚರವಾಗಿರು, ಒಬ್ಬನೇ ತೂರಲಾರೆ, ಎಲ್ಲರನ್ನೂ ಎಬ್ಬಿಸು. ಹಾಯಿದೋಣಿಯವರ ಬದುಕು ಕೂಡ ಹೀಗೆಯೇ.

ಹದಿನೇಳನೆಯ ಶತಮಾನದ ಆರಂಭದಲ್ಲಿ ಹಾಲೆಂಡಿನಿಂದ ಜಾವಾಕ್ಕೆ ಸಾಂಬಾರ ಪದಾರ್ಥ ತರಲು ಹೊರಟ ಹಡಗುಗಳು ಆಫ್ರಿಕದ ತುದಿಯನ್ನು ಸುತ್ತಿ, ಮಡಗಾಸ್ಕರದ ಪಕ್ಕದಲ್ಲಿ ಮೇಲೇರಿ, ಹಿಂದೂ ಮಹಾಸಾಗರದ ಮಾನ್ಸೂನಿಗೆ ಕಾದು ಸಾಗುತ್ತಿದ್ದವು. ಪ್ರಯಾಣಕ್ಕೆ ಒಂದು ವರ್ಷವೇ ಹಿಡಿಯುತ್ತಿತ್ತು. 1611ರಲ್ಲಿ ಹೆಂಡ್ರಿಕ್ ಬ್ರೌವರ್ ಎಂಬಾತ ಬೇರೊಂದು ದಾರಿ ಹಿಡಿದ. ಕೇಪ್ ದಾಟಿದ ಮೇಲೆ ಉತ್ತರಕ್ಕೆ ತಿರುಗುವ ಬದಲು ಇನ್ನೂ ದಕ್ಷಿಣಕ್ಕಿಳಿದು, ದಕ್ಷಿಣ ಅಕ್ಷಾಂಶ 40 ಡಿಗ್ರಿಯ ಆಸುಪಾಸಿನಲ್ಲಿ ಪಶ್ಚಿಮದಿಂದ ಎಡೆಬಿಡದೆ ಬೀಸುವ ಗಾಳಿಯನ್ನು ಬೆನ್ನಿಗೆ ತೆಗೆದುಕೊಂಡು ನೇರ ಪೂರ್ವಕ್ಕೆ ಓಡಿ, ಆಮೇಲೆ ಉತ್ತರಕ್ಕೆ ತಿರುಗಿದ. ದೂರ ಹೆಚ್ಚಾಯಿತು, ಸಮಯ ಅರ್ಧವಾಯಿತು! ಕೆಲವೇ ವರ್ಷಗಳಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ತನ್ನೆಲ್ಲ ಹಡಗುಗಳಿಗೂ ಇದೇ ದಾರಿಯನ್ನು ಕಡ್ಡಾಯ ಮಾಡಿತು. ಅದೇ ಕಂಪನಿಯವರು ನಮ್ಮ ಕರಾವಳಿಗೂ ಬಂದು, ಕೆಳದಿ ನಾಯಕರೊಡನೆ ಒಪ್ಪಂದ ಮಾಡಿಕೊಂಡು, ಬಸರೂರಿನಲ್ಲಿ ಕೋಠಿ ಇಟ್ಟು ಮೆಣಸು, ಅಕ್ಕಿ ಕೊಂಡವರು ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಆದರೆ ಬೆನ್ನಿಗೆ ಗಾಳಿಯಿದೆ ಎಂದು ಮೈಮರೆಯುವಂತಿಲ್ಲ. ಉತ್ತರಕ್ಕೆ ಎಲ್ಲಿ ತಿರುಗಬೇಕೆಂದು ತಿಳಿಯಲು ಆ ಕಾಲದಲ್ಲಿ ರೇಖಾಂಶ ಅಳೆಯುವ ಸರಿಯಾದ ಸಾಧನವಿರಲಿಲ್ಲ. 1629ರಲ್ಲಿ ‘ಬಟಾವಿಯ’ ಎಂಬ ಹಡಗು ಲೆಕ್ಕ ತಪ್ಪಿ ಆಸ್ಟ್ರೇಲಿಯದ ಪಶ್ಚಿಮ ತೀರದ ಹವಳದ ದಿಬ್ಬಗಳಿಗೆ ಬಡಿದು ಒಡೆಯಿತು. ಗಾಳಿ ಕೊಟ್ಟದ್ದನ್ನು ಗಾಳಿಯೇ ಕಿತ್ತುಕೊಂಡಿತು.

ಈ ಗಾಳಿ ಯಾಕೆ ಹೀಗೆ ತಿರುಗುತ್ತದೆ ಎಂಬುದಕ್ಕೆ ಸುಲಭವಾದ ಸೂತ್ರ ಕೊಟ್ಟವರೂ ಡಚ್ಚರೇ. ಯುಟ್ರೆಕ್ಟ್‌ನ ಪ್ರಾಧ್ಯಾಪಕ ಬೈಸ್ ಬಾಲೋಟ್ 1854ರಲ್ಲಿ ಈ ದೇಶದ ಹವಾಮಾನ ಸಂಸ್ಥೆಯನ್ನು ಸ್ಥಾಪಿಸಿದರು, 1857ರಲ್ಲಿ ತಮ್ಮ ನಿಯಮವನ್ನು ಪ್ರಕಟಿಸಿದರು. ಮಕ್ಕಳು ವಾಲ್ ದಂಡೆಯಲ್ಲಿ ಇದನ್ನು ಪರೀಕ್ಷಿಸಬಹುದು: ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡದ ಪ್ರದೇಶ, ಅಂದರೆ ಮಳೆ ಬಿರುಗಾಳಿಯ ತಾಣ, ನಿಮ್ಮ ಎಡಗೈ ಕಡೆಗಿರುತ್ತದೆ. ಭೂಮಧ್ಯರೇಖೆಯ ಆಚೆ ಇದು ತಿರುಗುಮುರುಗು, ಬಲಗೈ ಕಡೆಗೆ. ದಕ್ಷಿಣ ಸಾಗರದಲ್ಲಿ ಈ ಒತ್ತಡದ ಸುಳಿಗಳು ಒಂದರ ಹಿಂದೊಂದು ಪೂರ್ವಕ್ಕೆ ಓಡುತ್ತವೆ. ಸುಳಿ ಹತ್ತಿರವಾಗುವಾಗ ವಾಯವ್ಯದಿಂದ ಗಾಳಿ; ಅದು ದಾಟುತ್ತಿದ್ದ ಹಾಗೆ ಕೆಲವೇ ನಿಮಿಷಗಳಲ್ಲಿ ನೈರುತ್ಯದಿಂದ ಹಿಮದಷ್ಟು ತಣ್ಣನೆಯ ಗಾಳಿ. ಆ ಗಳಿಗೆಯಲ್ಲಿ ಹಾಯಿಯನ್ನೆಲ್ಲ ದೋಣಿಯ ಇನ್ನೊಂದು ಪಕ್ಕಕ್ಕೆ ಹೊರಳಿಸಬೇಕು. ನಾಲ್ಕು ಗಂಟೆ ದುಡಿದು ಆಗತಾನೇ ಒದ್ದೆ ಬಟ್ಟೆಯಲ್ಲೇ ಮಲಗಿದವರನ್ನೂ ಎಬ್ಬಿಸಬೇಕು, ನಮ್ಮಜ್ಜ ಎಬ್ಬಿಸುತ್ತಿದ್ದ ಹಾಗೆ.

ಇದೇ ದಾರಿಯಲ್ಲಿ ವ್ಯಾಪಾರಕ್ಕಲ್ಲ, ಪಂದ್ಯಕ್ಕೆಂದು ಭೂಮಿಯನ್ನು ಸುತ್ತುವ ಸ್ಪರ್ಧೆ 1973ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಿಂದ ಆರಂಭವಾಯಿತು. ಹಣ ಕೊಟ್ಟದ್ದು ವಿಟ್‌ಬ್ರೆಡ್ ಎಂಬ ಬಿಯರ್ ಕಂಪನಿ. ಮೊದಲ ಸಲ ಗೆದ್ದದ್ದು ಮೆಕ್ಸಿಕೋದ ದೋಣಿ. ಆ ಸುದ್ದಿ ಓದಿದವರಲ್ಲಿ ರಾಟರ್‌ಡ್ಯಾಮಿನ ಉದ್ಯಮಿ ಕಾನಿ ವಾನ್ ರೀಟ್‌ಸ್ಕೋಟನ್ ಒಬ್ಬರು. 1926ರಲ್ಲಿ ಹುಟ್ಟಿದವರು. ಮನೆತನದ ಕಂಪನಿಯ ಕೆಲಸದಿಂದ ಬೇಗನೆ ನಿವೃತ್ತರಾಗಿ, ಮುಂದೇನು ಎಂದು ಯೋಚಿಸುತ್ತಿದ್ದ ಕಾಲ. ನಮ್ಮಲ್ಲಾದರೆ ಆ ವಯಸ್ಸಿಗೆ ಮಗಳ ಮದುವೆಯ ಚಿಂತೆ; ಈತ ಹಾಯಿದೋಣಿ ಕಟ್ಟಿಸಲು ಹೊರಟರು!

ಫೊಲನ್‌ಹೋವದ ಹೌಸ್‌ಮನ್ ದೋಣಿಕಟ್ಟೆಯಲ್ಲಿ 65 ಅಡಿಯ ಅಲ್ಯುಮಿನಿಯಂ ದೋಣಿ ಸಿದ್ಧವಾಯಿತು. ಹೆಸರು ‘ಫ್ಲೈಯರ್’. ರೀಟ್‌ಸ್ಕೋಟನ್ ಸ್ಪರ್ಧೆಗೆ ಮುಂಚೆಯೇ ಅಟ್ಲಾಂಟಿಕ್ ದಾಟಿ ಮರಳಿ ಬಂದು ದೋಣಿಯನ್ನೂ ಜನರನ್ನೂ ಪರೀಕ್ಷಿಸಿದರು. ಮುರಿಯಬಹುದಾದದ್ದೆಲ್ಲ ಅಲ್ಲೇ ಮುರಿಯಲಿ, ಹೊಂದದವರು ಅಲ್ಲೇ ಇಳಿಯಲಿ ಎಂಬ ಲೆಕ್ಕ. 1977–78ರ ಸ್ಪರ್ಧೆಯನ್ನು ಫ್ಲೈಯರ್ ಗೆದ್ದಿತು. ಆದರೆ ಅದು ದೋಣಿಗಳ ಗಾತ್ರಕ್ಕೆ ತಕ್ಕ ರಿಯಾಯಿತಿ ಲೆಕ್ಕ ಹಾಕಿದ ಮೇಲಿನ ಗೆಲುವು. ಎಲ್ಲರಿಗಿಂತ ಮೊದಲು ದಡ ಮುಟ್ಟಬೇಕೆಂಬ ಆಸೆ ಉಳಿಯಿತು. 1981ರಲ್ಲಿ ಅದೇ ಹೆಸರಿನ ಎರಡನೆಯ ದೋಣಿ, 76 ಅಡಿಯದು, ಮತ್ತೆ ಪೋರ್ಟ್ಸ್‌ಮತ್‌ನಲ್ಲಿ ಬಂದು ನಿಂತಿತು. ಅಲ್ಲಿಂದ ಕೇಪ್‌ಟೌನ್, ಆಕ್ಲೆಂಡ್, ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾ, ಮತ್ತೆ ಪೋರ್ಟ್ಸ್‌ಮತ್. ಒಟ್ಟು 26 ಸಾವಿರಕ್ಕೂ ಹೆಚ್ಚು ನಾಟಿಕಲ್ ಮೈಲು. ಹೊರಟ ದೋಣಿಗಳು 29, ಮುಗಿಸಿದವು 20.

ಆ ಸಲ ಎದುರಾಳಿ ‘ಸೆರಾಮ್ಕೋ ನ್ಯೂಜಿಲೆಂಡ್’, ಅದರ ನಾಯಕ ಪೀಟರ್ ಬ್ಲೇಕ್. ಹೊರಟ ಮೂರು ವಾರಕ್ಕೆ, ಅಸೆನ್ಷನ್ ದ್ವೀಪದ ಹತ್ತಿರ, ಸೆರಾಮ್ಕೋದ ಕೂವೆಮರವೇ ಮುರಿದುಬಿತ್ತು. ಹಾಯಿ ಕಟ್ಟುವ ಕಂಬವೇ ಹೋದರೆ ಇನ್ನೇನು ಉಳಿಯಿತು? ಅವರು ಮುರಿದ ತುಂಡುಗಳನ್ನೇ ಜೋಡಿಸಿ ಕುಳ್ಳು ಕಂಬವೊಂದನ್ನು ನಿಲ್ಲಿಸಿದರು. ಇಂಥ ಹರಕು ಹಾಯಿಯಿಂದ ಎದುರುಗಾಳಿಯಲ್ಲಿ ಸಾಗಲಾಗದು. ಆದ್ದರಿಂದ ಹಳೆಯ ಕಾಲದ ಹಾಯಿಹಡಗುಗಳಂತೆ ಗಾಳಿ ಕರೆದ ಕಡೆ ಹೋಗಿ, ದೊಡ್ಡ ಬಳಸಿನಲ್ಲಿ ಸುಮಾರು 4,000 ಮೈಲು ಸಾಗಿ ಕೇಪ್‌ಟೌನ್ ಸೇರಿದರು. ಅಲ್ಲಿ ಹೊಸ ಕಂಬ ನಿಲ್ಲಿಸಿಕೊಂಡು ಎರಡನೆಯ ಹಂತಕ್ಕೆ ಸಿದ್ಧರಾದರು. ಒಟ್ಟು ಗೆಲುವು ಕೈತಪ್ಪಿತ್ತು, ಹಂತ ಹಂತವಾಗಿಯಾದರೂ ಫ್ಲೈಯರನ್ನು ಹಿಂದಿಕ್ಕಬೇಕೆಂಬ ಹಟ ತಪ್ಪಿರಲಿಲ್ಲ. (ಇದೇ ಬ್ಲೇಕ್ 1989–90ರಲ್ಲಿ ಕೊನೆಗೂ ಈ ಸ್ಪರ್ಧೆಯನ್ನು ಗೆದ್ದರು.)

ಕೇಪ್‌ಟೌನ್‌ನಿಂದ ಆಕ್ಲೆಂಡಿಗೆ ಹೋಗುವ ಈ ಎರಡನೆಯ ಹಂತದಲ್ಲಿ, ಬ್ರೌವರ್ ಕಂಡುಕೊಂಡ ಅದೇ ಗಾಳಿಯಲ್ಲಿ, ರೀಟ್‌ಸ್ಕೋಟನ್‌ಗೆ ಹೃದಯಾಘಾತವಾಯಿತು. ವಯಸ್ಸು 55. ಹತ್ತಿರದ ಬಂದರು ಸುಮಾರು ಹತ್ತು ದಿನದ ದಾರಿ. ಫ್ಲೈಯರ್‌ನಲ್ಲಿ ಒಬ್ಬ ವೈದ್ಯರಿದ್ದರು. ಬೆನ್ನಟ್ಟಿ ಬರುತ್ತಿದ್ದ ಸೆರಾಮ್ಕೋದಲ್ಲೂ ಒಬ್ಬ ವೈದ್ಯರಿದ್ದರು. ರೇಡಿಯೋದಲ್ಲಿ ಅವರ ಸಲಹೆ ಕೇಳೋಣವೆಂದರೆ ನಾಯಕ ಬಿಡಲಿಲ್ಲ. ಫ್ಲೈಯರ್‌ನ ನಾಯಕ ಹಾಸಿಗೆ ಹಿಡಿದಿದ್ದಾನೆಂದು ತಿಳಿದರೆ ಅವರು ಇನ್ನೂ ಹುರುಪಿನಿಂದ ಓಡಿಸುತ್ತಾರೆ; ಆದ್ದರಿಂದ ಯಾರೂ ತುಟಿ ಬಿಚ್ಚಕೂಡದು ಎಂದು ಆಣೆ ಹಾಕಿಸಿದರು. ತಂಡ ಬಾಯಿ ಮುಚ್ಚಿಕೊಂಡು ದೋಣಿ ಓಡಿಸಿತು. ಫ್ಲೈಯರ್ ಆಕ್ಲೆಂಡನ್ನು ಸೆರಾಮ್ಕೋಗಿಂತ ಕೆಲವೇ ಗಂಟೆ ಮುಂಚೆ ಮುಟ್ಟಿತು. ಕೊನೆಗೆ 120 ದಿನಗಳಲ್ಲಿ ಭೂಮಿಯನ್ನು ಸುತ್ತಿ, ದಡ ಮುಟ್ಟಿದ್ದರಲ್ಲೂ ಮೊದಲು, ರಿಯಾಯಿತಿ ಲೆಕ್ಕದಲ್ಲೂ ಮೊದಲು ಎನಿಸಿತು. ಆ ಸ್ಪರ್ಧೆಯನ್ನು ಎರಡು ಬಾರಿ ಗೆದ್ದ ನಾಯಕ ಇವತ್ತಿಗೂ ಅವರೊಬ್ಬರೇ. 2013ರಲ್ಲಿ, 87ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಕಥೆಯನ್ನು ಡಚ್ಚರು ಹೆಮ್ಮೆಯಿಂದ ಹೇಳುತ್ತಾರೆ. ಬಹಳ ವರ್ಷ ನಾವೂ ಹಾಗೆಯೇ ಹೇಳುತ್ತಿದ್ದೆವು. ವೈದ್ಯರ ದೃಷ್ಟಿಯಿಂದಲೂ ಅವರ ಲೆಕ್ಕ ಪೂರಾ ಹುಚ್ಚುತನವಲ್ಲ. ಹೃದಯಾಘಾತದಲ್ಲಿ ಮೊದಲ ಒಂದೆರಡು ದಿನವೇ ಹೆಚ್ಚು ಅಪಾಯ. ಬಂದರು ಮುಟ್ಟುವ ಹೊತ್ತಿಗೆ ಬದುಕುವವನು ಬದುಕಿಕೊಂಡಿರುತ್ತಾನೆ. ಅಲ್ಲದೆ 1981ರಲ್ಲಿ ಆಸ್ಪತ್ರೆಗೆ ಸೇರಿಸಿದರೂ ಬಹುಪಾಲು ಸಿಗುತ್ತಿದ್ದದ್ದು ವಿಶ್ರಾಂತಿ, ಆಮ್ಲಜನಕ, ನೋವಿಗೆ ಮಾರ್ಫೀನ್, ಹೃದಯದ ಬಡಿತದ ಮೇಲೊಂದು ಕಣ್ಣು. ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವ ವಿಧಾನವನ್ನು ಆಂಡ್ರಿಯಾಸ್ ಗ್ರೂಂಟ್ಸಿಗ್ ಜ್ಯೂರಿಕ್‌ನಲ್ಲಿ ಮೊದಲ ಬಾರಿಗೆ ಮಾಡಿದ್ದು 1977ರ ಸೆಪ್ಟೆಂಬರ್ 16ರಂದು. ಅಂದು ಮೊದಲನೆಯ ಫ್ಲೈಯರ್ ಅಟ್ಲಾಂಟಿಕ್‌ನಲ್ಲಿ ಓಡುತ್ತಿತ್ತು! ಆ ಚಿಕಿತ್ಸೆ ಊರೂರಿಗೆ ಬರಲು ಇನ್ನೂ ಬಹಳ ವರ್ಷ ಬೇಕಿತ್ತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಮೌನ ಯಾರ ಛಲ? ನಾಯಕನದೋ, ತಂಡದ್ದೋ? ನಾಯಕ ತನ್ನ ಪ್ರಾಣವನ್ನು ಪಣಕ್ಕಿಟ್ಟರು, ಸರಿ. ಕಣ್ಣೆದುರು ಸಾಯಬಹುದಾದ ಮನುಷ್ಯನನ್ನು ನೋಡುತ್ತ ಕೇಳಬಹುದಾದ ಒಂದು ಮಾತನ್ನೂ ಕೇಳದೆ ಕೂತ ಆ ವೈದ್ಯರ ರಾತ್ರಿಗಳು ಹೇಗಿದ್ದಿರಬೇಕು?

ಇದಕ್ಕೆ ಎದುರಾಗಿ ಇನ್ನೊಂದು ಘಟನೆ. ವಿಟ್‌ಬ್ರೆಡ್ ಸ್ಪರ್ಧೆ ಮುಂದೆ ವೋಲ್ವೋ ಹೆಸರಿನಲ್ಲಿ ನಡೆಯಿತು. 2005–06ರಲ್ಲಿ ಡಚ್ ಬ್ಯಾಂಕೊಂದು ‘ಎಬಿಎನ್ ಆಮ್ರೋ’ ಒಂದು, ಎರಡು ಎಂದು ಜೋಡಿ ದೋಣಿಗಳನ್ನು ಕಳಿಸಿತ್ತು. ಎರಡನೆಯದು ತರುಣರ ದೋಣಿ. 2006ರ ಜನವರಿಯಲ್ಲಿ ಅವರು 24 ಗಂಟೆಯಲ್ಲಿ 563 ನಾಟಿಕಲ್ ಮೈಲು ಓಡಿ ದಾಖಲೆ ಮಾಡಿದರು. ಸುಮಾರು ಬೆಂಗಳೂರಿನಿಂದ ಮುಂಬಯಿಗಿರುವ ದೂರವನ್ನು ಬರೀ ಗಾಳಿಯ ಬಲದಿಂದ ಒಂದೇ ದಿನದಲ್ಲಿ! ಮೇ 18ರ ರಾತ್ರಿ, ನ್ಯೂಯಾರ್ಕಿನಿಂದ ಪೋರ್ಟ್ಸ್‌ಮತ್‌ಗೆ ಬರುವಾಗ, ಗಾಳಿ ಏರುತ್ತಿತ್ತು. ಹಾಯಿಯ ಹಗ್ಗ ಹಿಡಿದಿದ್ದ 32 ವರ್ಷದ ಹಾನ್ಸ್ ಹಾರೆವೂಟ್ಸ್ ಎಂಬ ಡಚ್ ನಾವಿಕನನ್ನು ಅಲೆಯೊಂದು ಎಳೆದೊಯ್ದಿತು. ಕತ್ತಲಲ್ಲಿ ಹಾಯಿ ಇಳಿಸಿ, ದೋಣಿ ತಿರುಗಿಸಿ, ಎದುರುಗಾಳಿಯಲ್ಲಿ ಹಿಂದಕ್ಕೆ ಹೋಗಿ ಆತನನ್ನು ಹುಡುಕಿ ಎತ್ತಿಕೊಂಡರು. ಅಷ್ಟು ದೊಡ್ಡ ಕಡಲಿನಲ್ಲಿ ಇರುಳಲ್ಲಿ ಒಂದು ತಲೆ ಸಿಕ್ಕಿದ್ದೇ ಆಶ್ಚರ್ಯ. ಉಸಿರು ಮರಳಿಸಲು ಮಾಡಿದ ಪ್ರಯತ್ನ ಮಾತ್ರ ಫಲಿಸಲಿಲ್ಲ.

ಗೆಳೆಯನ ದೇಹವನ್ನು ದೋಣಿಯಲ್ಲಿಟ್ಟುಕೊಂಡು ಅವರು ದಡದ ಕಡೆ ಸಾಗುತ್ತಿದ್ದಾಗ ಇನ್ನೊಂದು ಕರೆ ಬಂತು. ‘ಮೋವಿಸ್ಟಾರ್’ ಎಂಬ ಸ್ಪೇನಿನ ದೋಣಿಗೆ, ಕೆಳಗಿನಿಂದ ದೋಣಿಯನ್ನು ನೆಟ್ಟಗೆ ಹಿಡಿಯುವ ಭಾರದ ಕೀಲ್ ಸಡಿಲಗೊಂಡು ನೀರು ನುಗ್ಗುತ್ತಿತ್ತು. ಮುಂದೆ ಬಿರುಗಾಳಿ ಕಾದಿತ್ತು. ಅದರ ನಾಯಕ ಬೌವ ಬೆಕ್ಕಿಂಗ್, ಈತನೂ ಡಚ್ಚ. ಛಲಕ್ಕೇನೂ ಕಡಿಮೆಯಿಲ್ಲದ ಮನುಷ್ಯ. ಆದರೆ ದೋಣಿ ಮುಖ್ಯವಲ್ಲ, ಹತ್ತು ಜನ ಮುಖ್ಯ ಎಂದು ತೀರ್ಮಾನಿಸಿ ನೆರವು ಕೇಳಿದರು. ಆಮ್ರೋ ಎರಡರ ಹುಡುಗರು ಕಾದು ನಿಂತು, ಮೇ 21ರಂದು ಆ ಹತ್ತೂ ಮಂದಿಯನ್ನು ತಮ್ಮ ದೋಣಿಗೆ ಹತ್ತಿಸಿಕೊಂಡರು. ಅಷ್ಟೊಂದು ಜನಕ್ಕೆ ಸಾಲದ ಜಾಗ, ಸಾಲದ ಊಟ, ನಡುವೆ ಒಂದು ಶವ. ಸ್ಪರ್ಧೆಯಲ್ಲಿ ಇದಕ್ಕೆ ಅಂಕವಿಲ್ಲ.

ಆ ಜೂನ್‌ನಲ್ಲಿ ದೋಣಿಗಳು ರಾಟರ್‌ಡ್ಯಾಮಿಗೆ ಬಂದಾಗ ನಾವೂ ನಮ್ಮ ಮನೆಯವರೂ ಮಗಳನ್ನು ಕರೆದುಕೊಂಡು ನೋಡಲು ಹೋಗಿದ್ದೆವು. ಜನವೋ ಜನ. “ಅಪ್ಪಾ, ಇವರು ಗೆದ್ದರಾ?” ಎಂದು ಮಗಳು ಆ ಎರಡನೆಯ ದೋಣಿಯನ್ನು ತೋರಿಸಿ ಕೇಳಿದಳು. “ಇಲ್ಲಮ್ಮ, ಗೆದ್ದದ್ದು ಪಕ್ಕದ್ದು” ಎಂದೆವು. ಉತ್ತರ ಸರಿಯಾಗಿತ್ತು, ಸಾಲದೆಂದು ಮಾತ್ರ ಅನಿಸಿತು.

ಅದೇ 2006ರ ಜುಲೈಯಲ್ಲಿ ನಮ್ಮ ಊರಿನಲ್ಲೂ ಛಲ ಮತ್ತು ವಿವೇಕದ ಜಗಳ ನಡೆಯಿತು. ನಾಲ್ಕು ದಿನದ ನಡಿಗೆ, ಫೀರ್‌ದಾಖ್ಸ, 1909ರಿಂದ ನಡೆದು ಬಂದದ್ದು, ನೈಮೆಗನ್ನಿನ ಮನೆಹಬ್ಬ. ಮೊದಲ ದಿನದ ಬಿಸಿಲಿಗೆ ಇಬ್ಬರು ತೀರಿಕೊಂಡರು. ಸಂಘಟಕರು ಉಳಿದ ಮೂರು ದಿನದ ನಡಿಗೆಯನ್ನೇ ರದ್ದುಮಾಡಿದರು. ವರ್ಷವಿಡೀ ತಯಾರಾದವರು ಗೊಣಗಿದರು. ವೈದ್ಯರಾದ ನಾವು ಆಗ ಎಲ್ಲರಿಗೂ ಉಪದೇಶ ಮಾಡಿದ್ದೇ ಮಾಡಿದ್ದು: ದೇಹ ಹೇಳಿದ್ದನ್ನು ಕೇಳಬೇಕು, ಪದಕ ಮುಂದಿನ ವರ್ಷವೂ ಸಿಗುತ್ತದೆ!

ಇನ್ನು ನಮ್ಮ ತಪ್ಪೊಪ್ಪಿಗೆ. 2023ರಲ್ಲಿ ನಾವೇ ನಡೆದೆವು, ಬಳಗದ ಗೆಳೆಯರೊಬ್ಬರ ಜೊತೆ, ದಿನಕ್ಕೆ 40 ಕಿಲೋಮೀಟರ್. ಎರಡು ದಿನ ಚೆನ್ನಾಗಿಯೇ ಸಾಗಿತು. ಮೂರನೆಯ ದಿನ ಖ್ರೂಸ್‌ಬೇಕಿನ ಏಳು ಗುಡ್ಡಗಳ ರಸ್ತೆ. ಎರಡನೆಯ ಏರಿನಲ್ಲಿ ಎದೆಯ ನಡುವೆ ಯಾರೋ ರೋಣಗಲ್ಲು ಇಟ್ಟ ಹಾಗಾಯಿತು. ಬೆಳಗಿನ ಜಾವ ಮೂರಕ್ಕೆ ತಿಂದ ಉಪ್ಪಿಟ್ಟಿನ ಮೇಲೆ ತಪ್ಪು ಹೊರಿಸಿದೆವು. ರೋಗಿ ಹೀಗೆ ಹೇಳಿದ್ದರೆ ನಂಬುತ್ತಿದ್ದೆವೇ? ನಮಗೆ ನಾವೇ ಹೇಳಿಕೊಂಡಾಗ ನಂಬಿದೆವು. ಆ ಗಳಿಗೆಯಲ್ಲಿ ನೆನಪಾದದ್ದು, ನಿಜ ಹೇಳುತ್ತೇವೆ, ರೀಟ್‌ಸ್ಕೋಟನ್! ಆತ ಸಾಗರವನ್ನೇ ದಾಟಿದ, ನಮಗೆ ಇನ್ನೊಂದೂವರೆ ದಿನ.

“ಡಾಕ್ಟ್ರೇ, ಗಾಳಿ ಇಷ್ಟು ತಂಪಾಗಿದೆ, ನೀವ್ಯಾಕೆ ಹೀಗೆ ಬೆವರ್ತಿದೀರಿ?” ಎಂದರು ಗೆಳೆಯರು.

“ಏನಿಲ್ಲ, ಗ್ಯಾಸು. ನಡೀರಿ.”

ಅವರು ನಿಂತರು. “ನಿಮ್ಮ ಪೇಷಂಟು ಹೀಗಂದ್ರೆ ನೀವೇನು ಹೇಳ್ತೀರಿ?”

ಉತ್ತರ ಹೊಳೆಯಲಿಲ್ಲ. ಅವರು ನಮ್ಮ ತೋಳು ಹಿಡಿದು ಪಕ್ಕಕ್ಕೆ ಕೂರಿಸಿ, ನಮ್ಮನ್ನು ಕೇಳದೆಯೇ ಫೋನ್ ತೆಗೆದು 112 ಒತ್ತಿದರು. ಮಧ್ಯಾಹ್ನದ ಹೊತ್ತಿಗೆ, ಗ್ರೂಂಟ್ಸಿಗ್ ಪುಣ್ಯದಿಂದ, ನಮ್ಮ ರಕ್ತನಾಳದಲ್ಲಿ ಸ್ಟೆಂಟು ಕೂತಿತ್ತು. ಇನ್ನೆರಡು ಗುಡ್ಡ ಏರಿದ್ದರೆ ಈ ಲೇಖನ ಬೇರೆ ಯಾರಾದರೂ ಬರೆಯಬೇಕಿತ್ತು. ಆ ಗೆಳೆಯರು ಅಂಬುಲೆನ್ಸಿನಲ್ಲಿ ನಮ್ಮ ಜೊತೆಗೇ ಬಂದರು. ಅದು ಅವರ ಐದನೆಯ ವರ್ಷದ ನಡಿಗೆ. ಅವರ ನಡಿಗೆಯೂ ಅಲ್ಲಿಗೇ ಮುಗಿಯಿತು, ಶಿಲುಬೆಯಾಕಾರದ ಆ ಪದಕ ಅವರಿಗೂ ಸಿಗಲಿಲ್ಲ. ಶುಕ್ರವಾರ ಊರವರೆಲ್ಲ ನಡಿಗೆ ಮುಗಿಸಿದವರಿಗೆ ಗ್ಲಾಡಿಯೋಲಸ್ ಹೂ ಕೊಡುವಾಗ ಅವರು ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ನಮ್ಮ ಮನೆಯವರಿಗೆ ಧೈರ್ಯ ಹೇಳುತ್ತಿದ್ದರು.

ರೀಟ್‌ಸ್ಕೋಟನ್ ದೊಡ್ಡ ನಾವಿಕ; ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಆತನಿಗೆ ಹತ್ತಿರದ ಬಂದರು ಹತ್ತು ದಿನದ ದಾರಿಯಾಗಿತ್ತು. ನಮಗೆ ಅಂಬುಲೆನ್ಸು ಹತ್ತು ನಿಮಿಷದ ದಾರಿ. ನಮ್ಮ ಬಳಗದಲ್ಲಿ ಎಷ್ಟು ಮನೆಗಳಲ್ಲಿ ಅಪ್ಪಂದಿರು ಎದೆನೋವನ್ನು ಗ್ಯಾಸು ಎನ್ನುತ್ತಾರೆ, ಅಮ್ಮಂದಿರು ಸುಸ್ತನ್ನು ಯಾರಿಗೂ ಹೇಳದೆ ಅಡಿಗೆ ಮಾಡುತ್ತಾರೆ, ಊರಿನಲ್ಲಿರುವ ವಯಸ್ಸಾದ ತಂದೆತಾಯಿಗೆ ಗಾಬರಿಯಾಗದಿರಲೆಂದು ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎನ್ನುತ್ತೇವೆ! ನಮ್ಮ ದೇಶದ ಕಡೆಯವರಿಗೆ ಹೃದಯದ ಕಾಯಿಲೆ ಇಲ್ಲಿಯವರಿಗಿಂತ ಕೆಲವು ವರ್ಷ ಮುಂಚೆಯೇ ಬರುತ್ತದೆ. ಎದೆಯಲ್ಲಿ ಭಾರ, ತೋಳಿಗೆ ದವಡೆಗೆ ಹರಿಯುವ ನೋವು, ಕಾರಣವಿಲ್ಲದ ಬೆವರು, ಉಸಿರು ಕಟ್ಟುವುದು. ಇವುಗಳಲ್ಲಿ ಯಾವುದಾದರೂ ಬಂದರೆ ಮಾಡಬೇಕಾದ ಮೊದಲ ಕೆಲಸ ಪಕ್ಕದವರಿಗೆ ಹೇಳುವುದು, ಎರಡನೆಯದು 112.

ಇದೇ ಸ್ಪರ್ಧೆ 2018ರ ಜೂನ್‌ನಲ್ಲಿ ಹೇಗ್ ನಗರದ ಸ್ಖೆವೆನಿಂಗನ್ ಬಂದರಿನಲ್ಲಿ ಮುಗಿಯಿತು. ಕೊನೆಯ ಹಂತದಲ್ಲಿ ಇಬ್ಬರು ಪ್ರಬಲ ಎದುರಾಳಿಗಳು ಆಳ ಸಮುದ್ರದ ಕಡೆ ಹೋದರೆ, ‘ಡಾಂಗ್‌ಫೆಂಗ್’ ತಂಡ ಗಾಳಿಯನ್ನು ಅಂದಾಜು ಮಾಡಿ ದಡದ ಪಕ್ಕದ ದಾರಿ ಹಿಡಿದು, ಕೊನೆಯ ಗಳಿಗೆಯಲ್ಲಿ ಮುಂದೆ ಬಂದು ಇಡೀ ಸ್ಪರ್ಧೆಯನ್ನೇ ಗೆದ್ದುಕೊಂಡಿತು. ಅದರಲ್ಲಿದ್ದ ಡಚ್ ನಾವಿಕೆಯ ಹೆಸರು ಕರೊಲೈನ್ ಬ್ರೌವರ್. ತಂಡದ ಮರೀ ರಿಯೂ ಜೊತೆ ಈ ಸ್ಪರ್ಧೆ ಗೆದ್ದ ಮೊದಲ ಮಹಿಳೆಯರಾದರು. ನಾಲ್ಕುನೂರು ವರ್ಷದ ಹಿಂದೆ ಗಾಳಿಯ ದಾರಿ ಹುಡುಕಿದವನ ಹೆಸರೂ ಅದೇ. ನೆಂಟಸ್ತಿಕೆ ಇರಬೇಕಾಗಿಲ್ಲ, ಬ್ರೌವರ್ ಎಂದರೆ ಬಿಯರ್ ಕಾಸುವವನು, ಇಲ್ಲಿ ಬಲು ಸಾಮಾನ್ಯವಾದ ಹೆಸರು. ಮಕ್ಕಳಿಗೆ ಹೇಳಲು ಸೊಗಸಾಗಿದೆ ಎಂದು ಬರೆದೆವು.

ಈ ಜುಲೈಯಲ್ಲಿ ಗೆಳೆಯರು ಮತ್ತೆ ನಡೆಯುತ್ತಾರೆ. ಹೃದಯ ತಜ್ಞರ ಮಾತಿನಂತೆ ನಮಗೆ ಅಷ್ಟು ದೂರ ಇಲ್ಲ. ಖ್ರೂಸ್‌ಬೇಕಿನ ಎರಡನೆಯ ಏರಿನಲ್ಲಿ, ಬಿಸಿ ಕಾಫಿಯ ಫ್ಲಾಸ್ಕಿನೊಂದಿಗೆ, ನಾವೂ ನಮ್ಮ ಮನೆಯವರೂ ನಿಂತಿರುತ್ತೇವೆ. ನಡೆಯುವವರು, ನೋಡುವವರು ಎಲ್ಲರೂ ಬನ್ನಿ. ಉಪ್ಪಿಟ್ಟು ಮಾತ್ರ ತರುವುದಿಲ್ಲ.